ಕಾಗದದಲ್ಲಿ ನಮ್ಮ ಅಪ್ಪೆ

ನಮ್ಮ ಮನೆಯಲ್ಲಿ ಮಗಳಿಗೆ ನಾನು ಅಮ್ಮ, ನನ್ನ ಸಂಗಾತಿ ಅಪ್ಪೆ. ನನ್ನದು ಕುಂದಾಪುರ ಕಡೆಯ ಕನ್ನಡ, ಅವಳದ್ದು ತುಳು. ಅವಳು ದಿನಾ ರಾತ್ರಿ ಫೋನಿನಲ್ಲಿ ತನ್ನ ತಾಯಿಯನ್ನು ‘ಅಪ್ಪೆ’ ಎಂದು ಕರೆಯುವುದನ್ನು ಕೇಳಿ ಕೇಳಿ, ಮಗಳು ಒಂದು ದಿನ ಅವಳನ್ನೇ ಹಾಗೆ ಕರೆದಳು. ನಾವು ಹೇಳಿಕೊಟ್ಟದ್ದಲ್ಲ.

ಶಾಲೆಯವರ ಲೆಕ್ಕದಲ್ಲಿ ಅವಳು ಚಿಕ್ಕಮ್ಮ. ಉಡುಪಿಯಲ್ಲಿ ನಾವಿರುವ ಬೀದಿಯವರಿಗೆ ನನ್ನ ಗೆಳತಿ. ಮಗಳಿಗೆ ಜ್ವರ ಬಂದರೆ ರಾತ್ರಿ ಎದ್ದು ಹಣೆಗೆ ಒದ್ದೆ ಬಟ್ಟೆ ಇಡುವುದು ಅವಳೇ. ಆದರೆ ಯಾವ ಕಾಗದದಲ್ಲೂ ಅವಳು ತಾಯಿ ಅಲ್ಲ.

ಹೋದ ಮಳೆಗಾಲ ಶುರುವಾಗುವ ಮೊದಲು ಬೆಂಗಳೂರಿನ ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ ಫೋನ್ ಮಾಡಿದಳು. ಎಲ್‌ಜಿಬಿಟಿಕ್ಯೂ ತಂದೆತಾಯಂದಿರು ಮಕ್ಕಳನ್ನು ಹೇಗೆ ಬೆಳೆಸುತ್ತಿದ್ದಾರೆ ಎಂದು ಅಧ್ಯಯನ ಮಾಡುತ್ತಿದ್ದಾಳಂತೆ. ‘ಒಮ್ಮೆ ಮಾತಾಡಬಹುದಾ ಅಕ್ಕಾ?’ ಎಂದು ಕೇಳಿದಳು. ಆಗಲ್ಲ ಅಂದೆ.

ಭಯ. ಮಗಳು ನನ್ನ ಹಿಂದಿನ ಮದುವೆಯಲ್ಲಿ ಹುಟ್ಟಿದವಳು. 2018ರಲ್ಲಿ ಗಂಡ, ನಾನು ಇಬ್ಬರೂ ಒಪ್ಪಿ ವಿಚ್ಛೇದನ ತಗೊಂಡೆವು, ಮಗಳು ನನ್ನ ಜೊತೆ ಉಳಿದಳು. ನಮ್ಮಂಥವರ ಸಂಬಂಧ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ, ಸೆಪ್ಟೆಂಬರ್ 6ಕ್ಕೆ. ಅಪರಾಧ ಅಲ್ಲ ಅಂದ ಮಾತ್ರಕ್ಕೆ ಭಯ ಹೋಗುತ್ತದಾ? ನಾಳೆ ಯಾರಾದರೂ ‘ಆ ಮನೆಯಲ್ಲಿ ಮಗು ಬೆಳೆಯಬಾರದು’ ಎಂದು ಮತ್ತೆ ಕೋರ್ಟಿಗೆ ಹೋದರೆ? ಊರು ಚಿಕ್ಕದು. ಕಲ್ಸಂಕದಲ್ಲಿ ಆಡಿದ ಮಾತು ಸಂಜೆಯೊಳಗೆ ಮಲ್ಪೆ ಮುಟ್ಟುತ್ತದೆ.

ಆ ಹುಡುಗಿ ಒತ್ತಾಯ ಮಾಡಲಿಲ್ಲ. ಸುಮ್ನೆ ಒಂದು ಹಳೆಯ ವಿಷಯ ಹೇಳಿದಳು. 1970ರ ದಶಕದ ಇಂಗ್ಲೆಂಡಿನಲ್ಲಿ ಮದುವೆಯಿಂದ ಹೊರಬಂದು ಇನ್ನೊಬ್ಬ ಹೆಂಗಸಿನ ಜೊತೆ ಬಾಳುತ್ತಿದ್ದ ತಾಯಂದಿರು ಕೋರ್ಟಿನಲ್ಲಿ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದರಂತೆ. ಮಕ್ಕಳಿಗೆ ತೊಂದರೆ ಆಗುತ್ತದೆ ಅನ್ನುವುದೇ ಕಾರಣ. ಹಾಗೆ ಹೇಳುವವರ ಕೈಯಲ್ಲಿ ಯಾವ ಅಧ್ಯಯನವೂ ಇರಲಿಲ್ಲ. ತಾಯಂದಿರ ಕೈಯಲ್ಲೂ ಇರಲಿಲ್ಲ. ಆಗ ಅವರೇ ಒಂದು ಸ್ತ್ರೀವಾದಿ ಪತ್ರಿಕೆಯ ಮೂಲಕ ಕೇಳಿಕೊಂಡರು: ಯಾರಾದರೂ ಬಂದು ನಮ್ಮ ಮಕ್ಕಳನ್ನು ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅದನ್ನು ಓದಿ ಹೋದವರು ಮನಶ್ಶಾಸ್ತ್ರದ ಸಂಶೋಧಕಿ ಸೂಸನ್ ಗೊಲೊಂಬೊಕ್. ಅವರ ತಂಡದ ಫಲಿತಾಂಶ ಬಂದದ್ದು 1983ರಲ್ಲಿ. ಅಂಥ 27 ಮನೆಗಳು, ಜೊತೆಗೆ ಹೋಲಿಸಿ ನೋಡಲು ಒಂಟಿ ತಾಯಂದಿರ 27 ಮನೆಗಳು. ಲೆಸ್ಬಿಯನ್ ತಾಯಂದಿರ ಮಕ್ಕಳ ಮನಸ್ಸಿನ ಆರೋಗ್ಯ ಬೇರೆ ಮಕ್ಕಳಿಗಿಂತ ಕೆಟ್ಟದಾಗಿರಲಿಲ್ಲ.

27 ಮನೆ ಅಷ್ಟೇ. ಅವರಿಗೂ ನನ್ನ ಹಾಗೆ ಭಯ ಇದ್ದಿರಲೇಬೇಕು, ನನಗಿಂತ ಜಾಸ್ತಿಯೇ. ಆದರೂ ಬಾಗಿಲು ತೆರೆದರು. ಅಮೆರಿಕದಲ್ಲಿ 1986ರಲ್ಲಿ ಶುರುವಾದ ಇನ್ನೊಂದು ಅಧ್ಯಯನವಂತೂ ಮಕ್ಕಳು ಹುಟ್ಟುವ ಮೊದಲೇ ತಾಯಂದಿರನ್ನು ಸೇರಿಸಿಕೊಂಡು, ಆ ಮಕ್ಕಳಿಗೆ 25 ವರ್ಷ ಆಗುವವರೆಗೂ ಬಿಡದೆ ವಿಚಾರಿಸಿದೆ. 2018ರಲ್ಲಿ ಅದರ ವರದಿ ಬಂದಾಗ 77 ಮಕ್ಕಳು ಇನ್ನೂ ಜೊತೆಗಿದ್ದರು.

ನಮ್ಮಲ್ಲಿ? 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಮ್ಮಂಥವರ ಮದುವೆಯ ಹಕ್ಕಿನ ಕೇಸು ನಡೆಯುವಾಗ ನಾನು ಆಫೀಸಿನಲ್ಲಿ ಊಟದ ಹೊತ್ತಿಗೆ ಇಯರ್‌ಫೋನ್ ಹಾಕಿಕೊಂಡು ವಿಚಾರಣೆ ಕೇಳುತ್ತಿದ್ದೆ. ಕೇಂದ್ರದ ಮಕ್ಕಳ ಆಯೋಗ ಇಂಥ ಮನೆಗೆ ದತ್ತು ಕೊಡಬಾರದು ಎಂದಿತ್ತು. ದೆಹಲಿಯ ಮಕ್ಕಳ ಆಯೋಗ ಕೊಡಬಹುದು ಎಂದಿತ್ತು. ಅಕ್ಟೋಬರ್ 17ಕ್ಕೆ ತೀರ್ಪು ಬಂತು. ಮದುವೆಯ ಹಕ್ಕು ಸಿಗಲಿಲ್ಲ. ಜೋಡಿಯಾಗಿ ದತ್ತು ಪಡೆಯುವ ವಿಷಯದಲ್ಲಿ ಇಬ್ಬರು ನ್ಯಾಯಮೂರ್ತಿಗಳು ನಮ್ಮ ಪರ, ಮೂವರು ವಿರುದ್ಧ. ಇಷ್ಟೆಲ್ಲ ಮಾತು ನಡೆದದ್ದು ನಮ್ಮ ಮಕ್ಕಳ ಬಗ್ಗೆ. ಆದರೆ ಅಲ್ಲಿ ಉಡುಪಿಯ ಒಂದು ಮಗುವಿನ ಮಾತೂ ಇರಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಎರಡು ತಿಂಗಳು ಯೋಚಿಸಿ ನಾನೇ ಫೋನ್ ಮಾಡಿದೆ. ಬಾ ಅಂದೆ.

ಜೋರು ಮಳೆಯ ಒಂದು ಭಾನುವಾರ ಅವಳು ಬಂದಳು. ಕನ್ನಡದಲ್ಲೇ ಒಪ್ಪಿಗೆ ಪತ್ರ ತಂದಿದ್ದಳು. ಒಂದೊಂದೇ ಸಾಲು ಓದಿ ಹೇಳಿದಳು. ನಮ್ಮಿಬ್ಬರ ಸಹಿ ಆದ ಮೇಲೆ ಮಗಳನ್ನು ಬೇರೆಯಾಗಿ ಕೂರಿಸಿ ಕೇಳಿದಳು. ಏಳರಿಂದ ಹನ್ನೆರಡು ವರ್ಷದ ಮಕ್ಕಳದ್ದು ಬಾಯಿಮಾತಿನ ಸಮ್ಮತಿ, ಆಮೇಲೆ ಬರವಣಿಗೆಯಲ್ಲಿ ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮ ಇದೆಯಂತೆ. ನಮ್ಮವಳಿಗೆ 11. ‘ನಂಗೆ ಬೇಜಾರಾದ್ರೆ ಎದ್ದು ಹೋಗ್ಬಹುದಾ ಅಕ್ಕಾ?’ ಎಂದು ಕೇಳಿದಳು. ಹೋಗಬಹುದು ಅಂದಳು. ಆಮೇಲೆ ಒಂದು ಗಂಟೆ ಎದ್ದೇಳಲೇ ಇಲ್ಲ.

ಮನೆಯಲ್ಲಿ ಯಾರ್ಯಾರಿದ್ದಾರೆ, ಚಿತ್ರ ಬರಿ ಅಂದಾಗ ನಾನು, ಅವಳು, ಬೆಕ್ಕು, ಮತ್ತೆ ನೀಲಿ ರೈನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಕೂತ ಅಪ್ಪೆ. ಎಲ್ಲರಿಗಿಂತ ದೊಡ್ಡ ಚಿತ್ರ ಅಪ್ಪೆಯದ್ದೇ. ಟ್ಯೂಷನ್ ಬಿಟ್ಟಾಗ ಗೇಟಿನಲ್ಲಿ ಅವಳಿಗೆ ಕಾಣುವುದು ಹಾಗೆ.

ಒಂದು ತಿಂಗಳಾದ ಮೇಲೆ ನಮ್ಮ ಮಾತೆಲ್ಲ ಟೈಪಾಗಿ ಓದಲು ಬಂತು. ಮಗಳ ಭಾಗ ಓದುವಾಗ ನನ್ನ ಕೈ ನಿಂತಿತು. ‘ಜ್ವರ ಬಂದಾಗ ಅಪ್ಪ ಎದ್ದಿರ್ತಾರೆ. ಅಪ್ಪ ಮಾಡಿದ ಪುಂಡಿ ನಂಗಿಷ್ಟ.’ ಎಲ್ಲ ಕಡೆ ಅಪ್ಪ. ಟೈಪ್ ಮಾಡಿದವರಿಗೆ ತುಳು ಗೊತ್ತಿರಲಿಲ್ಲ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಅವರು ತಪ್ಪು ತಿದ್ದುತ್ತಿದ್ದೇವೆ ಅಂದುಕೊಂಡು ತಿದ್ದಿದ್ದಾರೆ. ಬೇಕೆಂದು ಮಾಡಿದ್ದಲ್ಲ, ಗೊತ್ತು. ಆದರೂ ಅಳು ಬಂತು. ಅಪ್ಪೆ ಮೊದಲ ಸಲ ಒಂದು ಕಾಗದಕ್ಕೆ ಬಂದಿದ್ದಳು, ಅಲ್ಲೂ ಅಳಿಸಿ ಹೋಗಿದ್ದಳು.

ಕೆಂಪು ಪೆನ್ನು ಹಿಡಿದು ಕೂತು 14 ಕಡೆ ತಿದ್ದಿದೆವು. ಆ ಹುಡುಗಿ ಕ್ಷಮೆ ಕೇಳಿ ಎಲ್ಲವನ್ನೂ ಸರಿ ಮಾಡಿ ಮತ್ತೆ ಕಳಿಸಿದಳು. ಅಷ್ಟೇ ಅಲ್ಲ, ನಮ್ಮನ್ನು ಗುರುತು ಹಿಡಿಯುವಂಥ ಕೆಲಸದ ವಿವರ, ಬೀದಿಯ ಹೆಸರು ತೆಗೆದು ‘ಕರಾವಳಿಯ ಒಂದು ಊರು’ ಎಂದು ಮಾತ್ರ ಇಟ್ಟಳು.

ಅದಕ್ಕೇ ಸಂಶೋಧನೆ ಮಾಡುವವರಿಗೆ ಒಂದು ಮಾತು. ಇಲ್ಲಿಗೆ ಬರುವಾಗ ತುಳು, ಕೊಂಕಣಿ, ಬ್ಯಾರಿ ಗೊತ್ತಿರುವವರನ್ನು ಕರೆದುಕೊಂಡು ಬನ್ನಿ. ಅಳಿಯಕಟ್ಟಿನ ಊರು ಇದು, ಅಂದರೆ ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಊರು. ಅಜ್ಜಿ, ಅಮ್ಮ, ಮಾವ ಸೇರಿ ಮಕ್ಕಳನ್ನು ದೊಡ್ಡ ಮಾಡಿದ ಮನೆಗಳು ಇಲ್ಲಿ ಎಷ್ಟೋ. ನಿಮ್ಮ ಫಾರಂನ ‘ತಂದೆ–ತಾಯಿ’ ಎರಡು ಖಾನೆಯಲ್ಲಿ ಅವೂ ಹಿಡಿಸುವುದಿಲ್ಲ. ಬೆಂಗಳೂರಿನ ಇಂಗ್ಲಿಷ್ ಬಲ್ಲ ಜೋಡಿಗಳನ್ನೇ ಕೇಳಿ ಮುಗಿಸಬೇಡಿ. ಮಂಗಳೂರಿನಲ್ಲಿ ಯಾರೋ ಬಿಟ್ಟುಹೋದ ಮಗುವನ್ನು ಸಾಕುತ್ತಿರುವ ಮಂಗಳಮುಖಿ ತಾಯಿಯನ್ನೂ ಕೇಳಿ. ಮದುವೆಯೊಳಗೇ ಇದ್ದು ಯಾರಿಗೂ ಹೇಳಿಕೊಳ್ಳಲಾಗದ ಅಪ್ಪನನ್ನೂ ಕೇಳಿ.

ನಮ್ಮಂಥ ತಂದೆತಾಯಂದಿರಿಗೆ ನನ್ನ ಕೋರಿಕೆ ಇಷ್ಟೇ. ಕರೆ ಬಂದರೆ ಕೂಡಲೇ ಇಲ್ಲ ಅನ್ನಬೇಡಿ. ಮೊದಲು ಕೇಳಿ: ಸಂಶೋಧನೆಯಿಂದ ಯಾರಿಗೂ ತೊಂದರೆ ಆಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಎಲ್ಲಿ, ರೆಕಾರ್ಡಿಂಗ್ ಯಾರ ಹತ್ತಿರ ಇರುತ್ತದೆ, ಯಾವಾಗ ಅಳಿಸುತ್ತಾರೆ, ಟೈಪಾದ ಮೇಲೆ ನಮಗೆ ತೋರಿಸುತ್ತಾರಾ. ಮಧ್ಯದಲ್ಲಿ ಬೇಡ ಅನಿಸಿದರೆ ಕಾರಣ ಹೇಳದೆ ಬಿಡಬಹುದು, ಅದು ನಿಮ್ಮ ಹಕ್ಕು. ಉತ್ತರ ಸರಿಯಾಗಿ ಬರದಿದ್ದರೆ ಬಾಗಿಲು ಹಾಕಿ, ತಪ್ಪಿಲ್ಲ. ಮಗುವಿಗೆ ಮನಸ್ಸಿಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ಒಪ್ಪಿಗೆ ಪತ್ರ ಓದಿ ಅರ್ಥವಾಗದಿದ್ದರೆ, ಒಬ್ಬರೇ ಕೂತು ಹೆದರಬೇಡಿ. ನನಗೆ ಹೇಳಿ. ಭಾನುವಾರ ಬನ್ನಿ, ಅಪ್ಪೆ ಪುಂಡಿ ಮಾಡುತ್ತಾಳೆ. ಒಟ್ಟಿಗೆ ಕೂತು ಓದುವ.