ಕತೆಯಿಂದ ಆಚೆ ಕಳಿಸಿದವರ ಊರು

ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿಗಳಲ್ಲಿ ಯಾರದಾದರೂ ಬದುಕು ಮೂರಾಬಟ್ಟೆಯಾದರೆ ಅವರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಹಾಕುವುದು ಮಾಮೂಲು. ಊರಲ್ಲಿ ಕಾಲೇಜಿಗೆ ಹೋಗುವಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಆಗ ನಮಗೆಲ್ಲ ಲಂಡನ್ನೇ ಕತೆ, ಉಳಿದದ್ದು ಸುಮ್ನೆ ಹೆಸರು. ಸಿಡ್ನಿಗೆ ಬಂದು ನೆಲೆಸಿದ ಮೇಲೆ ಮತ್ತೆ ಓದಿದೆ. ನಾನಿರುವ ಊರು ಇವನ ಪಾಲಿಗೆ ಪಾತ್ರಗಳನ್ನು ದಾಟಿಸಿ ಕೈತೊಳೆದುಕೊಳ್ಳುವ ಜಾಗ!

‘ಡೇವಿಡ್ ಕಾಪರ್‌ಫೀಲ್ಡ್’ನ ಮಿಕಾಬರ್ ನೋಡಿ. ಜೀವನವಿಡೀ ಸಾಲ ಮಾಡಿಕೊಂಡು, ‘ಇವತ್ತಲ್ಲ ನಾಳೆ ಒಳ್ಳೇದಾಗುತ್ತೆ’ ಅಂತ ಕಾಯುವ ಮನುಷ್ಯ. ಇಲ್ಲಿಗೆ ಬಂದದ್ದೇ ತಡ, ಸಾಲವೆಲ್ಲ ತೀರಿ ಮ್ಯಾಜಿಸ್ಟ್ರೇಟ್ ಆಗಿಬಿಡುತ್ತಾನೆ. ಊರು ಪೋರ್ಟ್ ಮಿಡಲ್‌ಬೇ. ಮ್ಯಾಪಿನಲ್ಲಿ ಹುಡುಕಬೇಡಿ, ಇಲ್ಲ. ಅದೇ ಹಡಗಿನಲ್ಲಿ ಎಮಿಲಿಯೂ ಇದ್ದಾಳೆ. ಸಿರಿವಂತನೊಬ್ಬನ ಜೊತೆ ಓಡಿಹೋಗಿ, ಅವನು ಕೈಬಿಟ್ಟ ಹುಡುಗಿ. ಇದು ಬರೀ ಕಟ್ಟುಕತೆಯಲ್ಲ. 1847ರಲ್ಲಿ ಡಿಕನ್ಸ್, ಏಂಜೆಲಾ ಬರ್ಡೆಟ್-ಕೂಟ್ಸ್ ಎಂಬ ಶ್ರೀಮಂತ ಮಹಿಳೆಯ ಹಣದಿಂದ ಲಂಡನ್ನಿನಲ್ಲಿ ಯುರೇನಿಯಾ ಕಾಟೇಜ್ ಎಂಬ ಆಶ್ರಯ ಮನೆ ತೆರೆದಿದ್ದ. ಬೀದಿಗೆ ಬಿದ್ದ, ಜೈಲು ಕಂಡ ಹೆಣ್ಣುಮಕ್ಕಳಿಗೆ ಮನೆಗೆಲಸ, ಓದುಬರಹ ಕಲಿಸಿ ಆಸ್ಟ್ರೇಲಿಯಾದಂಥ ವಸಾಹತುಗಳಿಗೆ ಕಳಿಸುವುದು ಅಲ್ಲಿನ ಕ್ರಮ. ಹೊಸ ಬದುಕು ಕೊಡುತ್ತೇವೆ, ಆದರೆ ನಮ್ಮ ಕಣ್ಣೆದುರು ಬೇಡ.

ಇದೇ ಮಾತನ್ನು ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಅವನೇ ತಿರುವಿ ಹಾಕಿದ್ದಾನೆ. ನನಗೆ ಜಾಸ್ತಿ ಇಷ್ಟವಾಗುವುದು ಅದೇ. ಪುಟ್ಟ ಪಿಪ್ ಹೆದರಿಕೊಂಡು ಊಟ ಕೊಟ್ಟ ಕೈದಿ ಮ್ಯಾಗ್ವಿಚ್ ಇಲ್ಲಿಗೆ ಗಡೀಪಾರಾಗುತ್ತಾನೆ. ಕುರಿ ಸಾಕಿ ದುಡ್ಡು ಮಾಡಿ, ವಕೀಲನ ಮೂಲಕ ಗುಟ್ಟಾಗಿ ಪಿಪ್‌ಗೆ ತಲುಪಿಸುತ್ತಾನೆ. ಪಿಪ್ ದೊಡ್ಡಮನುಷ್ಯ ಆಗುತ್ತಾನೆ. ಒಂದು ರಾತ್ರಿ, ಹೊರಗೆ ಮಳೆ ಗಾಳಿ. ಮೆಟ್ಟಿಲು ಹತ್ತಿ ಮ್ಯಾಗ್ವಿಚ್ ಬಂದು ನಿಂತು ಎರಡೂ ಕೈ ಚಾಚುತ್ತಾನೆ. ಪಿಪ್‌ಗೆ ಅಸಹ್ಯ. ಮರಳಿ ಬಂದ ತಪ್ಪಿಗೆ ಕಾನೂನಿನಲ್ಲಿ ಇವನಿಗೆ ಗಲ್ಲು ಬೇರೆ. ದುಡ್ಡು ಬರಬಹುದು, ದುಡಿದವನು ಬರಬಾರದು.

ಇಂಥ ಗಡೀಪಾರಾದ ಕೈದಿಗಳನ್ನು ಇರಿಸುತ್ತಿದ್ದ ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್ ಈಗ ಮ್ಯೂಸಿಯಂ. 1819ರಲ್ಲಿ ಕೈದಿಗಳೇ ಕಟ್ಟಿದ್ದು. ನಕ್ಷೆ ಮಾಡಿದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಫೋರ್ಜರಿ ಕೇಸಿನಲ್ಲಿ ಗಡೀಪಾರಾಗಿ ಬಂದವನು. ಮೇಲಿನ ಮಹಡಿಯಲ್ಲಿ ಒತ್ತೊತ್ತಾಗಿ ಕಟ್ಟಿದ ಕ್ಯಾನ್ವಾಸ್ ಜೋಲಿಗಳಿವೆ. ಪಕ್ಕದವನ ಉಸಿರು ತಾಗುವಷ್ಟು ಹತ್ತಿರ. ಆ ಕಾಲದ ಬಟ್ಟೆ ಚೂರುಗಳೂ ಸಿಕ್ಕಿವೆ. ಇಲಿಗಳು ಗೂಡಿಗೆಂದು ನೆಲದ ಹಲಗೆಯಡಿ ಎಳೆದುಕೊಂಡು ಹೋಗಿದ್ದರಿಂದ ಉಳಿದವು. ಸರ್ಕಾರದ ದಾಖಲೆಗಿಂತ ಇಲಿಗಳೇ ವಾಸಿ. ಇನ್ನು ಈ ನೆಲದ ಮೂಲನಿವಾಸಿಗಳಾದ ಗಾಡಿಗಲ್ ಜನ? ಎರಡೂ ಕಾದಂಬರಿಗಳಲ್ಲಿ ಅವರಿಗೊಂದು ಪಾತ್ರವೇ ಇಲ್ಲ. ಖಾಲಿ ಜಾಗ ಅಂದುಕೊಂಡರೆ ತಾನೇ ಅಲ್ಲಿಗೆ ಯಾರನ್ನಾದರೂ ಕಳಿಸಲು ಸುಲಭ?

ನಾವೇನೂ ಕಮ್ಮಿಯಿಲ್ಲ ಬಿಡಿ. ಕರಾವಳಿಯ ಹಳೆಯ ಕತೆಗಳಲ್ಲಿ ಮನೆ ಬಿಟ್ಟು ಓಡಿದ ಹುಡುಗ ಬೊಂಬಾಯಿ ಹೋಟೆಲ್ ಸೇರುತ್ತಾನೆ, ಮುಂದೆ ಮನಿಯಾರ್ಡರ್ ಬರುತ್ತದೆ. ಅಲ್ಲಿ ಅವನು ಎಲ್ಲಿ ಮಲಗುತ್ತಿದ್ದ, ಹೇಳುವವರು ಕಮ್ಮಿ. ಆಮೇಲೆ ಆ ಜಾಗಕ್ಕೆ ಅಮೆರಿಕ ಬಂತು. ನಮ್ಮ ಚಿಕ್ಕಮ್ಮನೂ ಫೋನಿನಲ್ಲಿ, ‘ನಿನಗೇನಪ್ಪಾ, ಫಾರಿನ್ನು, ಆರಾಮು’ ಅಂತ ಪ್ರಶ್ನೆ ಕೇಳದೆಯೇ ಉತ್ತರ ಕೊಟ್ಟುಕೊಳ್ಳುತ್ತಾರೆ. ನಾನೂ ‘ಹೂಂ’ ಅನ್ನುತ್ತೇನೆ. ಬಾಡಿಗೆ ವಿಷಯ ಎತ್ತುವುದಿಲ್ಲ.

ಡಿಕನ್ಸ್ ಆಸ್ಟ್ರೇಲಿಯಾಕ್ಕೆ ಕಾಲಿಟ್ಟವನೇ ಅಲ್ಲ. ಆದರೆ ಮಕ್ಕಳನ್ನು ಕಳಿಸಿದ. 1865ರಲ್ಲಿ ಆಲ್‌ಫ್ರೆಡ್, 1868ರಲ್ಲಿ ಕೊನೆಯ ಮಗ ಎಡ್ವರ್ಡ್, ಹದಿನಾರರ ಹುಡುಗ. ಎಡ್ವರ್ಡ್ ಇಲ್ಲಿ ಕುರಿ ಫಾರ್ಮುಗಳಲ್ಲಿ ದುಡಿದ, ನ್ಯೂ ಸೌತ್ ವೇಲ್ಸ್ ಶಾಸನಸಭೆಗೂ ಆರಿಸಿಬಂದ. ಆದರೆ ಜೂಜಿನ ಚಟ ಅವನನ್ನು ಮುಳುಗಿಸಿತು. 1902ರಲ್ಲಿ ಮೋರಿ ಎಂಬ ಒಳನಾಡಿನ ಊರಲ್ಲಿ ಸಾಲಗಾರನಾಗಿಯೇ ತೀರಿಕೊಂಡ. ಅಪ್ಪ ಬರೆದ ಪಾತ್ರವಾಗಿದ್ದರೆ ಮೊದಲು ಸಾಲ ತೀರುತ್ತಿತ್ತು, ಅಲ್ವಾ?