ಎಂಜಿಎ ಷಾಸಿ: ಪ್ರೊಪೆಲ್ಲರ್ ಶಾಫ್ಟ್ ಕೋನ ಈಗಲೇ ನೋಡಬೇಕು

ಇಂಗ್ಲೆಂಡಿನ ಆಬಿಂಗ್‌ಡನ್‌ನಲ್ಲಿ 1955ರಿಂದ 1962ರವರೆಗೆ ತಯಾರಾದ ಎಂಜಿಎ ಸ್ಪೋರ್ಟ್ಸ್ ಕಾರಿಗೆ ಷಾಸಿ (ಕೆಳಗಿನ ಚೌಕಟ್ಟು) ಬೇರೆ, ಬಾಡಿ ಬೇರೆ. ನನ್ನ ಷಾಸಿಗೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೂತಿವೆ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ತಿರುಗುವಿಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನವನ್ನು ಬಾಡಿ ಕೂರಿಸುವ ಮೊದಲೇ ಅಳೆಯುವುದು ಸುಲಭ ಅಲ್ವಾ?

ಈ ಶಾಫ್ಟ್‌ನ ಎರಡೂ ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಎಂಬ ಬಾಗುವ ಕೀಲು ಇದೆ. ಓರೆಯಾಗಿರುವ ಜಾಯಿಂಟ್ ಒಂದೇ ವೇಗ ದಾಟಿಸುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿಯುತ್ತದೆ. ಮುಂದಿನ ಜಾಯಿಂಟ್‌ನ ಏರಿಳಿತವನ್ನು ಹಿಂದಿನದು ಅಳಿಸಬೇಕು. ಅದಕ್ಕೆ ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟೂ ಆಕ್ಸಲ್‌ನ ಪಿನಿಯನ್ನೂ (ತಿರುಗುವಿಕೆ ಆಕ್ಸಲ್‌ಗೆ ಒಳಬರುವ ಗೇರ್ ಶಾಫ್ಟ್) ಸಮಾನಾಂತರವಾಗಿರಬೇಕು. ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಯೋಕ್‌ಗಳೂ (ಜಾಯಿಂಟ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿರಬೇಕು. ಇಲ್ಲದಿದ್ದರೆ ವೇಗ ಹೆಚ್ಚಿದಂತೆ ನಡುಕ ಜಾಸ್ತಿ.

ಅಳೆಯುವಾಗ ಆಕ್ಸಲ್ ಸುಮ್ನೆ ನೇತಾಡುತ್ತಿರಬಾರದು. ಮರಳಿನ ಚೀಲ ಹೇರಿ, ಕಾರು ರಸ್ತೆಯಲ್ಲಿ ನಿಲ್ಲುವ ಎತ್ತರಕ್ಕೆ ಷಾಸಿ ತಂದು ಅಳೆದೆ. ಔಟ್‌ಪುಟ್ ಶಾಫ್ಟ್ ಮತ್ತು ಪಿನಿಯನ್‌ನ ಕೋನಗಳ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು ಎನ್ನುವುದು ನನ್ನ ಹಠ. ಮೀರಿದರೆ ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ಒಂದು ಬದಿ ದಪ್ಪಗಿರುವ ತೆಳು ತಗಡು) ಇಡುತ್ತೇನೆ.