ಎರಡೇ ಸುತ್ತು

ನನ್ನ ಫ್ಲೈ ಡಬ್ಬಿಯ ಕೊನೆಯ ಸಾಲನ್ನು ಯಾರಿಗೂ ತೋರಿಸುವುದಿಲ್ಲ. ಫ್ಲೈ ಅಂದರೆ ಮೀನು ಹಿಡಿಯಲು ಗಾಳಕ್ಕೆ ದಾರ, ಗರಿ ಸುತ್ತಿ ಮಾಡಿದ ಹುಳುವಿನ ನಕಲು. ಆ ಸಾಲಿನಲ್ಲಿ ಹದಿನೇಳು ಸಾಫ್ಟ್ ಹ್ಯಾಕಲ್‌ಗಳಿವೆ, ಅಂದರೆ ಮೆತ್ತನೆ ಗರಿ ಸುತ್ತಿದ ಫ್ಲೈಗಳು. ಹದಿನೇಳನ್ನೂ ನಾನೇ ಕಟ್ಟಿದ್ದು, ಹದಿನೇಳೂ ಬಾಟಲಿ ತೊಳೆಯುವ ಬ್ರಷ್ಷಿನ ಹಾಗಿವೆ. ಗರಿಯನ್ನು ಬ್ಲೇಡಿನಿಂದ ಕೆರೆದು ಗಾಳವನ್ನಾದರೂ ಉಳಿಸಿಕೊಳ್ಳೋಣ ಅಂತ ಇಟ್ಟಿದ್ದೇನೆ. ಇವತ್ತಿನವರೆಗೆ ಒಂದನ್ನೂ ಕೆರೆದಿಲ್ಲ.

ನಾನು ಕಟ್ಟಲು ಹೊರಟಿದ್ದು ಪಾರ್ಟ್ರಿಜ್ ಅಂಡ್ ಆರೆಂಜ್ ಅನ್ನುವ ಫ್ಲೈ. ಬೇಕಾದದ್ದು ಗಾಳ, ಕಿತ್ತಳೆ ಬಣ್ಣದ ರೇಷ್ಮೆ ದಾರ, ಬೂದು ಪಾರ್ಟ್ರಿಜ್ ಹಕ್ಕಿಯ ಬೆನ್ನಿನ ಒಂದು ಕಂದು ಚುಕ್ಕೆಯ ಗರಿ, ಇಷ್ಟೇ. ಇಂಗ್ಲೆಂಡಿನ ಉತ್ತರದ ಯಾರ್ಕ್‌ಶೈರ್ ಹೊಳೆಗಳ ಹಳೆಯ ಕಟ್ಟು ಇದು. ಅಲ್ಲಿ ಇಂಥವಕ್ಕೆ ಸ್ಪೈಡರ್ ಅನ್ನುತ್ತಾರೆ. 1885ರಲ್ಲೇ ಟಿ. ಇ. ಪ್ರಿಟ್ ಇವುಗಳ ಬಣ್ಣದ ಚಿತ್ರಗಳನ್ನು ಅಚ್ಚು ಹಾಕಿಸಿದ್ದರು. ಆ ಚಿತ್ರಗಳಲ್ಲಿ ಗರಿಯ ಎಳೆಗಳು ಎಷ್ಟು ಕಡಿಮೆ ಎಂದರೆ, ಹಳೆಯ ಅಚ್ಚಲ್ಲವೇ, ಪೂರ್ತಿ ಮೂಡಿಲ್ಲ ಅಂದುಕೊಂಡೆ. ಗರಿ ಮುಗಿಯುವವರೆಗೆ ಸುತ್ತಿದೆ. ನಾಲ್ಕು ಸುತ್ತು, ಒಮ್ಮೊಮ್ಮೆ ಐದು.

ಆ ವರ್ಷವೆಲ್ಲ ಮೀನು ಸಿಗಲೇ ಇಲ್ಲ ಅಂತಲ್ಲ. ಆದರೆ ಸಿಕ್ಕಿದ್ದೆಲ್ಲ ಒಂದೇ ಫ್ಲೈಗೆ. ಮೊದಲ ಟ್ರೌಟ್ ಅದನ್ನು ಅಗಿದು ಅರ್ಧ ಗರಿ ಕಿತ್ತುಹಾಕಿತ್ತು. ಉಳಿದದ್ದು ಏಳೆಂಟು ಎಳೆ. ಹಾಳಾಯಿತು ಅಂತ ಬದಲಿಸಬೇಕಿತ್ತು, ಸೋಮಾರಿತನಕ್ಕೆ ಬಿಟ್ಟೆ. ಅದೇ ಸಂಜೆ ಅದಕ್ಕೇ ಮತ್ತೆ ಮೂರು ಬಂದವು.

ಮನೆಗೆ ಬಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಹೊಸದನ್ನೂ ಹರಕನ್ನೂ ದಾರಕ್ಕೆ ಕಟ್ಟಿ ಎಳೆದು ನೋಡಿದೆ. ಹೊಸದರಲ್ಲಿ ಎಳೆಗಳು ಒಂದಕ್ಕೊಂದು ಆತುಕೊಂಡು ಛತ್ರಿಯ ಹಾಗೆ ನಿಂತವು, ಕದಲಲಿಲ್ಲ. ಹರಕು ಮಾತ್ರ ಎಳೆದಾಗ ಮೈಗೆ ಮುಚ್ಚಿಕೊಂಡಿತು, ಬಿಟ್ಟಾಗ ಅರಳಿತು. ಒದ್ದೆಯಾದ ರೇಷ್ಮೆ ಕಿತ್ತಳೆ ಹೋಗಿ ಕಂದಿಗೆ ತಿರುಗಿತ್ತು. ಹುಳು ಅಂದರೆ ನಾನೂ ನಂಬುತ್ತಿದ್ದೆ.

ಈಗ ಕಟ್ಟುವುದು ಹೀಗೆ. 14ನೇ ನಂಬರಿನ ಗಾಳ. ದಾರಕ್ಕೆ ಮೇಣ ಸವರಿ, ಗಾಳದ ಕಣ್ಣಿನ (ಲೈನು ಕಟ್ಟುವ ತೂತಿನ) ಹಿಂದೆ ಸ್ವಲ್ಪ ಜಾಗ ಬಿಟ್ಟೇ ಶುರು ಮಾಡುತ್ತೇನೆ. ಈ ಜಾಗ ಬಿಡದೆ ಮೊದಲು ಎಷ್ಟೋ ಗಾಳಗಳ ಕಣ್ಣು ಮುಚ್ಚಿದ್ದೇನೆ. ದಾರ ಸುತ್ತಿದ ಮೈ ಗಾಳದ ಮೊನೆಯ ನೇರಕ್ಕೆ ಬಂದಾಗ ನಿಲ್ಲಬೇಕು, ಬಾಗಿನೊಳಕ್ಕೆ ಇಳಿಯಬಾರದು. ಗರಿಯ ಬುಡದ ತುಪ್ಪಳ ಕಿತ್ತು, ಒಂದು ಬದಿಯ ಎಳೆಗಳನ್ನೂ ತೆಗೆದುಬಿಟ್ಟು, ತುದಿಯ ಕಡೆಯಿಂದ ಕಟ್ಟಿ ಎರಡೇ ಸುತ್ತು. ಎಳೆಗಳ ಉದ್ದ ಗಾಳದ ಬಾಗು ಮುಟ್ಟಿದರೆ ಸಾಕು. ಹುಂಜದ ಕುತ್ತಿಗೆಯ ಗರಿ ಇಲ್ಲಿ ನಡೆಯುವುದಿಲ್ಲ; ಅದರ ಬಿರುಸು ನೀರಿನ ಮೇಲೆ ತೇಲುವ ಫ್ಲೈಗೆ ಸರಿ. ಪಾರ್ಟ್ರಿಜ್ ಇಲ್ಲದಿದ್ದರೆ ಹೇಂಟೆಯ ಮೆತ್ತನೆ ಗರಿ ಆಗಬಹುದು.

ಎಸೆಯುವುದರಲ್ಲೂ ನಾನು ಅತಿ ಮಾಡುತ್ತಿದ್ದೆ. ಹೊಳೆಗೆ ಅಡ್ಡಲಾಗಿ, ಹರಿವಿನ ದಿಕ್ಕಿಗೆ ತುಸು ಕೆಳಗೆ ಎಸೆದು, ನೀರಿನಲ್ಲಿ ಬಾಗಿದ ಲೈನಿನ ನಡುಭಾಗವನ್ನು ಒಮ್ಮೆ ಹರಿವಿನ ಮೇಲ್ಗಡೆಗೆ ಎತ್ತಿಹಾಕಿ ಸುಮ್ಮನಿರಬೇಕು. ಫ್ಲೈ ತಾನೇ ಕಮಾನಿನ ಹಾಗೆ ತಿರುಗಿ ಬರುತ್ತದೆ. ತಿರುವು ಮುಗಿಯುವಾಗ ಲೈನು ಬಿಗಿಯಾಗಿ ಅದು ಮೇಲೇಳುತ್ತದಲ್ಲ, ನೀರಿನಡಿಯಿಂದ ಕ್ಯಾಡಿಸ್ ಹುಳು ಮೇಲಕ್ಕೆ ಬರುವುದೂ ಹೀಗೆಯೇ. ಟ್ರೌಟ್ ಹೆಚ್ಚಾಗಿ ಹಿಡಿಯುವುದು ಅಲ್ಲೇ. ಆಗ ಕೋಲು ಜಗ್ಗಿದರೆ ಕೆಟ್ಟಿತು, ಮೀನಿನ ಬಾಯಿಂದ ನಾವೇ ಕಿತ್ತುಕೊಂಡಂತೆ. ಬಿಗಿಯಾದ ಲೈನಿಗೆ ಅದು ತಾನೇ ಸಿಕ್ಕಿಕೊಳ್ಳುತ್ತದೆ. ಸುಮ್ಮನಿರುವುದು ನನಗೆ ಕಟ್ಟುವುದಕ್ಕಿಂತ ಕಷ್ಟವಾಯಿತು.

ಈ ವಾರ ಬ್ಲ್ಯಾಕ್ ಸ್ಪೈಡರ್‌ಗೆ ಕೈ ಹಾಕಿದ್ದೇನೆ: ಕಂದು ರೇಷ್ಮೆ, ಸ್ಟಾರ್ಲಿಂಗ್ ಹಕ್ಕಿಯ ಪುಟ್ಟ ಕಪ್ಪು ಗರಿ. ಇಕ್ಕಳದಲ್ಲಿ ಹಿಡಿದು ಎಳೆದರೆ ದಂಟೇ ತುಂಡಾಗುತ್ತದೆ. ನಿನ್ನೆ ನಾಲ್ಕು ಹೋದವು. 1857ರಲ್ಲಿ ಈ ಫ್ಲೈ ಬಗ್ಗೆ ಬರೆದ ಡಬ್ಲ್ಯು. ಸಿ. ಸ್ಟೂವರ್ಟ್ ಗರಿಯನ್ನು ದಾರದ ಜೊತೆ ಹೊಸೆದು ಎರಡನ್ನೂ ಒಟ್ಟಿಗೆ ಸುತ್ತುತ್ತಿದ್ದರು. ಇವತ್ತು ರಾತ್ರಿ ಹಾಗೆ ಮಾಡಿ ನೋಡಬೇಕು. ಡಬ್ಬಿಯ ಕೊನೆಯ ಸಾಲಿನಲ್ಲಿ ಇನ್ನೂ ಮೂರು ಜಾಗ ಖಾಲಿ ಇದೆ.